ಗ್ರೈಂಡರಿನ ಕೆಳಗಿನ ಕಾರ್ಕ್

ಕಾರ್ಕ್ ಎಂದರೆ ನನಗೆ ಬಹುಕಾಲ ಕೆಂಪು ಚೆಂಡು. ಮೈಸೂರಿನಲ್ಲಿ ಓದುವಾಗ ಲೆದರ್ ಬಾಲ್ ಕೊಳ್ಳಲಾಗದೆ ಕಾರ್ಕ್ ಬಾಲಿನಲ್ಲಿ ಆಡುತ್ತಿದ್ದೆವು. ಅದು ಬಡಿದೇ ನನ್ನ ಎಡಗೈಯ ಕಿರುಬೆರಳು ಸೊಟ್ಟಗಾದದ್ದು. ಬಾಗಿಲಿಗೆ ಸಿಕ್ಕಿ ಸೊಟ್ಟಗಾಯಿತೆಂದು ಅಕ್ಕ ಹೇಳುತ್ತಾಳೆ. ಅವಳೇ ಸರಿ ಇರಬಹುದು. ಕಾರ್ಕ್ ಕಲ್ಲಿನಷ್ಟು ಗಟ್ಟಿ ಎಂಬ ನಂಬಿಕೆಯನ್ನಂತೂ ಆ ಬೆರಳಿನ ಜೊತೆಗೇ ಮೆಲ್ಬರ್ನ್‌ಗೆ ತಂದಿದ್ದೆ.

ಡಾಕ್‌ಲ್ಯಾಂಡ್ಸ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಶನಿವಾರ ಬೆಳಿಗ್ಗೆ ಇಡ್ಲಿ ಹಿಟ್ಟು ರುಬ್ಬುವ ರೂಢಿ. ಕೆಳಗಿನ ಮನೆಯಲ್ಲಿದ್ದವಳು ಪಂಜಾಬಿನ ನರ್ಸ್. ಶುಕ್ರವಾರದ ರಾತ್ರಿಪಾಳಿ ಮುಗಿಸಿ ಬಂದು ಅದೇ ಹೊತ್ತಿಗೆ ಮಲಗುತ್ತಿದ್ದಳು. ಒಂದು ದಿನ ಮೇಲೆ ಬಂದು ಬಾಗಿಲು ತಟ್ಟಿದಳು. ಕಣ್ಣುಗಳು ಕೆಂಪಗಿದ್ದವು.

"ಭೈಯ್ಯಾ, ನನ್ನ ಸೀಲಿಂಗ್ ನಡುಗುತ್ತೆ. ನಿದ್ದೆ ಇಲ್ಲದೆ ವಾರ್ಡಿನಲ್ಲಿ ತಪ್ಪು ಮಾಡಿಬಿಡ್ತೀನಿ ಅಂತ ಭಯ," ಎಂದಳು ಹಿಂದಿಯಲ್ಲಿ.

ಹೆಂಡತಿ ತಕ್ಷಣ ಗ್ರೈಂಡರ್ ಆಫ್ ಮಾಡಿದಳು. ಬೆಂಗಳೂರಿನಿಂದ ಬರುವಾಗ ಬಟ್ಟೆ ಕಡಿಮೆ ಮಾಡಿ ಅದನ್ನು ಸೂಟ್‌ಕೇಸಿನಲ್ಲಿ ತುರುಕಿಕೊಂಡು ಬಂದವಳು. ನರ್ಸ್ ಹೋದ ಮೇಲೆ ನನ್ನ ಕಡೆ ತಿರುಗಿದಳು.

"ಆ ಹುಡುಗಿ ನಿದ್ದೆ ಕೆಡಿಸಿ ನಾವು ಇಡ್ಲಿ ತಿನ್ನೋದು ಬೇಡ. ಏನಾದ್ರೂ ಮಾಡಿ, ಇಲ್ಲಾಂದ್ರೆ ಇದನ್ನ ಪಾಯಿಂಟ್ ಕುಕ್‌ನಲ್ಲಿರೋ ನನ್ನ ತಂಗಿಗೆ ಕೊಟ್ಬಿಡ್ತೀನಿ. ಮೆಕ್ಯಾನಿಕಲ್ ಓದಿದ್ದು ಬರೀ ವೀಸಾಗಾ?"

ಟವೆಲ್ ಮಡಚಿ ಇಟ್ಟೆ, ಗ್ರೈಂಡರ್ ವಾಲಿತು. ರಬ್ಬರ್ ಮ್ಯಾಟ್ ಇಟ್ಟೆ; ಭಾರಕ್ಕೆ ಪಕ್ಕಕ್ಕೆ ಉಬ್ಬಿತು, ಗುಡುಗು ಕಡಿಮೆಯಾಗಲಿಲ್ಲ. ಗ್ರೈಂಡರ್ ಡಬ್ಬದೊಳಗೆ ಹೋಯಿತು.

ಅಷ್ಟರಲ್ಲಿ ಸಿಡ್ನಿಗೆ, ಸ್ಕೋಫೀಲ್ಡ್ಸ್‌ನಲ್ಲಿ ಹೊಸ ಮನೆ ಕಟ್ಟಿಸಿದ ಗೆಳೆಯನಲ್ಲಿಗೆ ಹೋದೆವು. ಮಗಳ ಭರತನಾಟ್ಯಕ್ಕೆಂದು ಗ್ಯಾರೇಜಿನ ಕಾಂಕ್ರೀಟ್ ಮೇಲೆ ಕಂದು ಬಣ್ಣದ ಹಾಸು ಹಾಕಿಸಿದ್ದ. ಚಳಿಗಾಲದಲ್ಲೂ ಬರಿಗಾಲಿಗೆ ಬೆಚ್ಚಗಿತ್ತು.

"ಕಾರ್ಕ್ ಕಣೋ," ಎಂದ.

"ಸುಳ್ಳು. ಕಾರ್ಕ್ ಬೆರಳು ಮುರಿಯತ್ತೆ."

"ಚೆಂಡಿಗಾದ್ರೆ ಅದನ್ನ ಪುಡಿ ಮಾಡಿ, ಗೋಂದು ಹಾಕಿ ಅದುಮಿರ್ತಾರೆ ಗುರು. ಗಟ್ಟಿ ಆಗದೆ ಇನ್ನೇನು? ಇದು ಬೇರೆ."

ಅವನ ಮಗಳು ಧಪಧಪನೆ ಹೆಜ್ಜೆ ಹಾಕಿ ತೋರಿಸಿ, "ಡಸಂಟ್ ಹರ್ಟ್, ಅಂಕಲ್" ಎಂದಳು.

ನೆಲಕ್ಕೆ ಹಾಕಿ ಉಳಿದಿದ್ದ ಒಂದು ಕಾರ್ಕ್ ಹಲಗೆಗೆ ಉಗುರು ಒತ್ತಿದೆ. ಬಿದ್ದ ಗುಳಿ ನಿಧಾನವಾಗಿ ಮೇಲೆದ್ದಿತು. ಅದು ಒಂದು ಬಗೆಯ ಓಕ್ ಮರದ ತೊಗಟೆ ಎಂದ ಗೆಳೆಯ. ಸುಲಿದರೂ ಮರ ಸಾಯುವುದಿಲ್ಲ, ವರ್ಷಗಳಲ್ಲಿ ಮತ್ತೆ ತೊಗಟೆ ಕಟ್ಟುತ್ತದೆ. ಒಳಗೆಲ್ಲ ಗಾಳಿ ತುಂಬಿದ ಕಣ್ಣಿಗೆ ಕಾಣದ ಕೋಶಗಳು. ಅದಕ್ಕೇ ಒತ್ತಿದರೆ ರಬ್ಬರಿನಂತೆ ಪಕ್ಕಕ್ಕೆ ಉಬ್ಬದೆ ತನ್ನೊಳಗೇ ಕುಗ್ಗುತ್ತದೆ. ಇಂಥದ್ದನ್ನು ಯಾವ ಲ್ಯಾಬೂ ಇಷ್ಟು ಹಗುರವಾಗಿ ಮಾಡಿದ್ದು ನಾನು ಕಂಡಿಲ್ಲ. ಉಳಿದ ಹಲಗೆಗಳನ್ನು ಕೇಳಿ ತಂದೆವು. ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ ಎಂಬುದು ನನ್ನ ನೆನಪು. ತನ್ನ ಸೀರೆಗಳ ನಡುವೆ ಇದ್ದವು ಎನ್ನುತ್ತಾಳೆ ಹೆಂಡತಿ.

ಒಂದರ ಮೇಲೊಂದು ಹಲಗೆ ಜೋಡಿಸಿ, ಮೇಲೆ ಗ್ರೈಂಡರ್ ಕೂರಿಸಿದೆವು. ನನಗೆ ನಂಬಿಕೆ ಇರಲಿಲ್ಲ. ನರ್ಸ್‌ಗೆ ಬಿಡುವಿದ್ದ ಸಂಜೆ ನೋಡಿ ಅವಳ ಮನೆಗಿಳಿದೆ. ಇಬ್ಬರೂ ಅಡುಗೆಮನೆಯಲ್ಲಿ ಕತ್ತೆತ್ತಿ ನಿಂತೆವು. ಏನೂ ಕೇಳಿಸಲಿಲ್ಲ. ಹೆಂಡತಿಗೆ ಫೋನ್ ಮಾಡಿದೆ.

"ಇನ್ನೂ ಆನ್ ಮಾಡಿಲ್ವೇನೇ?"

"ಆಗಲೇ ಅರ್ಧ ಉದ್ದು ನುಣ್ಣಗಾಯ್ತು. ನೀವೇನು ಅಲ್ಲಿ ಟೀ ಕುಡೀತಿದ್ದೀರಾ?"

ನರ್ಸ್ ಗೋಡೆಗೆ ಅಂಗೈ ಇಟ್ಟು ನೋಡಿ ನಕ್ಕಳು. "ಶನಿವಾರ ಮಾಡಿ ಭೈಯ್ಯಾ."

ಅಂದು ಪೂರ್ತಿ ನಿಶ್ಶಬ್ದವಿತ್ತೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಅವಳ ಒಲೆಯ ಮೇಲಿನ ಫ್ಯಾನ್ ಓಡುತ್ತಿತ್ತೇನೋ ಎಂಬ ಅನುಮಾನವೂ ಬರುತ್ತದೆ. ಇದನ್ನು ನೆನಪಿನಿಂದ ತೀರ್ಮಾನಿಸಬೇಕಾಗಿಲ್ಲ. ಶನಿವಾರ ಬೆಳಿಗ್ಗೆ ಗ್ರೈಂಡರ್ ತಿರುಗುವಾಗ ಬಾಲ್ಕನಿಯಿಂದ ಬಗ್ಗಿ ನೋಡುತ್ತೇನೆ. ಕೆಳಗಿನ ಮನೆಯ ಪರದೆ ಮಧ್ಯಾಹ್ನದವರೆಗೂ ತೆರೆಯುವುದಿಲ್ಲ.