ಗ್ಯಾಸ್ಕೆಟ್ ಪರಮಾನಂದ

ಪರಮಾನಂದ ಒಂದು ಕಡೆ ತಣ್ಣಗೆ ಕೂತದ್ದನ್ನು ಕಂಡವರು ಬನಹಟ್ಟಿಯಲ್ಲಿ ಯಾರಾದರೂ ಇದ್ದರೆ ಮುಂದೆ ಬಂದು ಹೇಳಲಿ, ಕೇಳೋಣ. ಊಟಕ್ಕೆ ಕೂತವನು ರೊಟ್ಟಿ ಕೈಯಲ್ಲಿ ಹಿಡಿದೇ ಎದ್ದು ಬಾಗಿಲಿಗೆ ಹೋಗಿ ಬರುತ್ತಾನೆ. ಕಟಿಂಗ್ ಮಾಡಿಸಲು ಕೂತರೆ ಅರ್ಧ ತಲೆಗೇ ಎದ್ದು, ಹೊರಗೆ ನಿಂತ ಯಾರದೋ ಗಾಡಿಯ ಸಪ್ಪಳಕ್ಕೆ ಕಿವಿಗೊಟ್ಟು, ಆ ಗಾಡಿಯವನಿಗೆ ಎರಡು ಬುದ್ಧಿಮಾತು ಹೇಳಿ ಬಂದು ಮತ್ತೆ ಕೂರುತ್ತಾನೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಪ್ರತಿಮಾ ಇದನ್ನು ನೋಡಿ ಗಾಬರಿಯಾಗಿದ್ದಳಂತೆ. ಇಪ್ಪತ್ತೆರಡು ವರ್ಷವಾದ ಮೇಲೆ ಈಗ ಅವನು ಸುಮ್ಮನೆ ಕೂತರೇ ಅವಳಿಗೆ ಗಾಬರಿ.

ಹುಟ್ಟಿದ್ದು ನೇಕಾರರ ಮನೆಯಲ್ಲಿ. ಹದಿನೆಂಟು ತುಂಬುವುದರೊಳಗೆ ಪವರ್‌ಲೂಮ್ ಜಾಬರ್ ಆಗಿದ್ದ, ಅಂದರೆ ಕೆಟ್ಟ ಮಗ್ಗವನ್ನು ರಿಪೇರಿ ಮಾಡಿ ಮತ್ತೆ ಓಡಿಸಿಕೊಡುವವ. ಆ ಕೆಲಸದಲ್ಲಿ ಕೈಗೆ ಹತ್ತುವ ಮೊದಲ ರೂಢಿ ಎಣ್ಣೆ ಕಂಡಲ್ಲಿ ಒರೆಸುವುದು. ಒಂದೇ ಒಂದು ಹನಿ ಸೀರೆಯ ಮೇಲೆ ಬಿದ್ದರೂ ಸೀರೆ ಕೆಟ್ಟಿತು, ಬೈಗುಳವೆಲ್ಲ ಜಾಬರನ ತಲೆಗೆ. ಹಾಗಾಗಿ ಬನಹಟ್ಟಿಯ ಜಾಬರ್ ನಟ್ಟು ಬಿಚ್ಚುವ ಪಾನಾ ಹಿಡಿಯುವ ಮೊದಲು ಒರೆಸುವ ಅರಿವೆ ಹಿಡಿಯುತ್ತಾನೆ. ಪರಮಾನಂದ ಮುಂದೆ ಜಮಖಂಡಿಯ ಗ್ಯಾರೇಜೊಂದರಲ್ಲಿ ಕಾರಿನ ಕೆಲಸ ಕಲಿತು, ಜಮಖಂಡಿ ರಸ್ತೆಗೆ ತನ್ನದೇ ಒಂದು ಶೆಡ್ ಹಾಕಿದ. ಮಗ್ಗ ಬಿಟ್ಟರೂ ಮಗ್ಗದ ಕೈ ಬಿಡಲಿಲ್ಲ. ಅವನ ಶೆಡ್ಡಿನಿಂದ ಹೊರಬಂದ ಎಂಜಿನ್ನಿನ ಮೇಲೆ ತಟ್ಟೆ ಇಟ್ಟು ಉಣ್ಣಬಹುದು ಎಂದು ಜನ ಹೊಗಳುತ್ತಿದ್ದರು. ಅವನೂ ಹಿಗ್ಗುತ್ತಿದ್ದ.

ಶೇವಂತಿ ಅವನ ಅಕ್ಕ, ಎಂಟು ವರ್ಷಕ್ಕೆ ಹಿರಿಯಳು. ಅವ್ವ ಬೇಗ ತೀರಿಕೊಂಡಿದ್ದರಿಂದ ಇವನ ತಲೆ ಬಾಚಿ ಸಾಲೆಗೆ ಕಳಿಸಿದವಳು ಅವಳೇ. ಅಕ್ಕ ಎಂದರೆ ಅವನಿಗೆ ಜೀವ. ಎರಡು ವರ್ಷದ ಹಿಂದೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ಅಂದಿನಿಂದ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಮಿರಜಿಗೆ ಡಯಾಲಿಸಿಸ್‌ಗೆ ಹೋಗಬೇಕು. ಅಂಚೆ ಇಲಾಖೆಯಿಂದ ನಿವೃತ್ತನಾದ ಗಂಡ ಸುಭಾಷ್ ತನ್ನ ಹಳೆಯ ಟರ್ಬೊ ಡೀಸೆಲ್ ಕಾರಿನಲ್ಲಿ ತಾನೇ ಕರೆದುಕೊಂಡು ಹೋಗುತ್ತಾನೆ. ಡಾಕ್ಟರ ಕೆಲಸ ಡಾಕ್ಟರಿಗೆ. ಆ ಕಾರು ಮಾತ್ರ ಪರಮಾನಂದನ ಪಾಲಿಗೆ ಬಂದಿತ್ತು. ಅಕ್ಕನಿಗೆ ತಾನು ಮಾಡಬಹುದಾದದ್ದು ಅದೊಂದೇ ಎಂದುಕೊಂಡು ಅದರ ಹಿಂದೆ ಬಿದ್ದಿದ್ದ.

ಕಬ್ಬಿನ ಹಂಗಾಮು ಶುರುವಾದಾಗ ಸುಭಾಷ್ ಬಂದು ತಕರಾರು ಹೇಳಿದ. “ಪರಮ್ಯಾ, ಗಾಡಿ ಎಳ್ಯಾಕ ಒಲ್ಲದೊ. ಹೊತ್ತು ಏರಿದ ಮ್ಯಾಲಂತೂ ಸತ್ತಂಗ ಆಗ್ತೈತಿ. ಆ ಕಬ್ಬಿನ ಟ್ರ್ಯಾಕ್ಟರ್ ದಾಟಬೇಕಂದ್ರ ಎದಿ ಡವಡವ ಅಂತೈತಿ ನೋಡು.”

ಈ ಮಾತನ್ನು ಹಗುರಾಗಿ ತೆಗೆದುಕೊಳ್ಳುವಂತಿರಲಿಲ್ಲ. ತೇರದಾಳ, ಹಾರೂಗೇರಿ, ಕುಡಚಿಯ ದಾರಿಯುದ್ದಕ್ಕೂ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೊರಟಿರುತ್ತವೆ. ಒಂದನ್ನು ದಾಟಬೇಕಾದರೆ ಎಷ್ಟೋ ಹೊತ್ತು ಎದುರಿನ ಬದಿಯಲ್ಲಿ ಓಡಬೇಕು. ಅಷ್ಟರಲ್ಲಿ ಗಾಡಿ ಕೈಬಿಟ್ಟರೆ ಮುಗಿಯಿತು.

ಪರಮಾನಂದ ಅವತ್ತಿನಿಂದ ಮೂರು ವಾರ ನಿದ್ದೆಗೆಟ್ಟ. ಫೋನಿನಲ್ಲಿ ಅದೂ ಇದೂ ನೋಡುತ್ತ ಪರದೇಶದ ಒಂದು ವಿಡಿಯೊ ಹಿಡಿದ. ಎಂಜಿನ್ನಿನ ತಲೆಯ ಕಾವು ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡಿಗೆ ಹತ್ತುತ್ತದೆ, ನಡುವೆ ಕಾವು ತಡೆಯುವ ದಪ್ಪ ಹಾಳೆಯ ಗ್ಯಾಸ್ಕೆಟ್ ಹಾಕಿದರೆ ಗಾಳಿ ತಂಪಾಗಿ ಹೋಗುತ್ತದೆ, ತಂಪು ಗಾಳಿಗೆ ಜೋರು ಹೆಚ್ಚು: ಇಷ್ಟು ಆ ವಿಡಿಯೊದ ಸಾರ. ಅವನಿಗೆ ಕುಣಿಯುವಂತಾಯಿತು. ಯಾಕೆಂದರೆ ಅಲ್ಲಿ ತೋರಿಸಿದ ಕಂದು ಹಾಳೆಯನ್ನು ಅವನು ಚಿಕ್ಕಂದಿನಿಂದ ಬಲ್ಲ. ಅರಿವೆಯನ್ನು ಪದರು ಪದರಾಗಿ ಅಂಟಿಸಿ ಒತ್ತಿದ ಫೈಬರ್ ಹಾಳೆ. ಮಗ್ಗದ ಗೇರುಗಳನ್ನು ಅದರಲ್ಲೇ ಮಾಡುತ್ತಾರೆ. ಬನಹಟ್ಟಿಯಲ್ಲಿ ಅದಕ್ಕೇನು ಬರ?

“ನೋಡಿದಿ? ಪರದೇಶದವರು ಈಗ ಹುಡುಕ್ಯಾರ. ನಮ್ಮ ಮಗ್ಗದಾಗ ಅಜ್ಜನ ಕಾಲದಿಂದ ಐತಿ!” ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡ.

“ನಿಮಗ ಖಾತ್ರಿ ಐತೇನ್ರಿ?” ಎಂದಳು ಪ್ರತಿಮಾ.

“ನೂರಕ್ಕ ನೂರು.” ಅವಳ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ತಯಾರಿತ್ತು. ಯಾವಾಗಲೂ ಹಾಗೆಯೇ.

ಗುರುವಾರ ಇಡೀ ದಿನ ಹಾಳೆ ಕೊರೆದು, ಅರದಿಂದ ಉಜ್ಜಿ, ಉದ್ದನೆಯ ಬೋಲ್ಟ್ ಹುಡುಕಿ ತಂದು ಗ್ಯಾಸ್ಕೆಟ್ ಕೂರಿಸಿದ. ಬಿಚ್ಚುವ ಮೊದಲು ರೂಢಿಯಂತೆ ಅರಿವೆ ಹಿಡಿದು ಎಂಜಿನ್ನಿನ ಮೈಯನ್ನೆಲ್ಲ ಒರೆಸಿ ಹಸನು ಮಾಡಿದ್ದ. ಕೂರಿಸಿದ ಮೇಲೆ ಗಾಡಿ ಓಡಿಸಿ ತಂದು ಮ್ಯಾನಿಫೋಲ್ಡ್ ಮೇಲೆ ಅಂಗೈ ಇಟ್ಟ. ಮೊದಲು ಇಟ್ಟ ಕೈ ಚುರ್ರೆನ್ನುತ್ತಿತ್ತು, ಈಗ ಹತ್ತು ಎಣಿಸುವವರೆಗೆ ತಡೆಯುತ್ತಿತ್ತು. ಶುಕ್ರವಾರ ನಸುಕಿನಲ್ಲಿ, ಚಳಿಯಲ್ಲಿ, ಖಾಲಿ ರಸ್ತೆಯ ಮೇಲೆ ಒಂದು ಸುತ್ತು ಹೊಡೆದ. ಗಾಡಿ ಚಂಗನೆ ಹಾರಿತು. ಸುಭಾಷನ ಕೈಗೆ ಕೀಲಿ ಕೊಟ್ಟು, “ಆತು ಮಾಮಾ. ಇನ್ನ ಎಂಥಾ ಟ್ರ್ಯಾಕ್ಟರ್ ಬರಲಿ, ಕಣ್ಣು ಮುಚ್ಚಿ ದಾಟ್ರಿ” ಎಂದ. ಹಿಂದಿನ ಸೀಟಿನಲ್ಲಿದ್ದ ಶೇವಂತಿ ತಮ್ಮನ ಮುಖವನ್ನೊಮ್ಮೆ ನೋಡಿ ಸೆರಗು ಹೊದ್ದುಕೊಂಡಳು. ಕಾರು ಹೊರಟಿತು.

ಮುಕ್ಕಾಲು ಗಂಟೆಯೂ ಆಗಿರಲಿಲ್ಲ. ಹಿಪ್ಪರಗಿಯ ಕಬ್ಬಿನ ರೈತ ಬಸಗೊಂಡಪ್ಪ ತನ್ನ ಕಾರು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಅದೂ ಸುಭಾಷನ ಕಾರಿನಂಥದ್ದೇ, ಟರ್ಬೊ ಡೀಸೆಲ್. ಸುದ್ದಿ ಆಗಲೇ ಹೊಳೆದಂಡೆಯ ಅವನ ಊರಿಗೂ ಮುಟ್ಟಿತ್ತು.

“ಏನೋ ತಂಪು ಗ್ಯಾಸ್ಕೆಟ್ ಮಾಡೀಯಂತಲ್ಲೊ. ನನಗೂ ಒಂದು ಹಾಕು. ಆದ್ರ ಮೊದಲ ತಿಳಿಸಿ ಹೇಳು, ತಿಳೀದ ನಾ ಹಾಕಿಸವ ಅಲ್ಲ.”

ತಿಳಿಸಿ ಹೇಳುವುದೆಂದರೆ ಪರಮಾನಂದನಿಗೆ ಹಬ್ಬ. ಬಾನೆಟ್ ಎತ್ತಿ ಬೆರಳಿಟ್ಟು ತೋರಿಸುತ್ತ ಹೋದ. “ಇಲ್ಲಿಂದ ಗಾಳಿ ಒಳಗ ಬರ್ತೈತ್ರಿ. ಟರ್ಬೊ ಅದನ್ನ ಒತ್ತತೈತಿ. ಒತ್ತಿದಾಗ ಗಾಳಿ ಕೆಂಡದಂಗ ಕಾಯ್ತೈತಿ. ಈ ಪೈಪಿನಿಂದ ಮುಂದಿನ ಕೂಲರಿಗೆ ಹೋಗಿ ಆರತೈತಿ. ಅಲ್ಲಿಂದ ಮ್ಯಾನಿಫೋಲ್ಡಿಗೆ.”

“ಮ್ಯಾನಿಫೋಲ್ಡಿನ್ಯಾಗ ಎಷ್ಟೊತ್ತು ಇರ್ತೈತಿ?”

“ಎಲ್ಲೀದ್ರಿ! ಕಣ್ಣು ಮಿಟುಕಿಸೂದ್ರಾಗ ಒಳಗ ಹೋಗ್ತೈತಿ.”

“ಅಷ್ಟರಾಗ ಅದಕ್ಕ ಕಾವು ಹೆಂಗ ಹತ್ತತೈತಿ? ನೀ ಹೇಳೂದು ನೋಡಿದ್ರ ಕಾಯಿಸಾಕತ್ತಿದ್ದು ಟರ್ಬೊ, ಆರಸಾಕತ್ತಿದ್ದು ಕೂಲರ್. ನಿನ್ನ ಗ್ಯಾಸ್ಕೆಟ್ ನಡುವ ಏನು ಮಾಡ್ತೈತಿ?”

ಪರಮಾನಂದ ಆ ಪೈಪಿನ ಮೇಲೆ ಮತ್ತೊಮ್ಮೆ ಬೆರಳು ಎಳೆದ. ಸಂತೆಯ ಗದ್ದಲದಲ್ಲಿ ನಿಂತು ನಿಂತು ಬಿಸಿಯಾದ ಗಾಡಿಗೆ ಗ್ಯಾಸ್ಕೆಟ್ಟಿನಿಂದ ಚೂರು ಉಪಯೋಗವಾದೀತು. ಟರ್ಬೊ ಇಲ್ಲದ ಗಾಡಿಗೆ ಇನ್ನೊಂದು ಚೂರು. ಆದರೆ ಓಡುವ ಟರ್ಬೊ ಗಾಡಿಯಲ್ಲಿ ಅಂಗೈಗೆ ತಂಪಾಗಿದ್ದು ಮ್ಯಾನಿಫೋಲ್ಡಿನ ಹೊರಮೈ, ಒಳಗಿನ ಗಾಳಿಯಲ್ಲ. ಈ ರೈತ ನಾಲ್ಕು ಮಾತಿನಲ್ಲಿ ಕಂಡದ್ದು ತನಗೆ ಮೂರು ವಾರದಲ್ಲಿ ಕಾಣಲಿಲ್ಲವಲ್ಲ! ಅವನ ಬೆರಳು ಇನ್ನೂ ಬಸಗೊಂಡಪ್ಪನ ಕಾರಿನ ಪೈಪಿನ ಮೇಲೇ ಇತ್ತು. ಆ ರಬ್ಬರ್ ಪೈಪು ಒಣಗಿತ್ತು, ಮೇಲೆ ಬರೀ ಧೂಳು.

ಒಣಗಿತ್ತು.

ಮಾಮಾನ ಕಾರಿನಲ್ಲಿ ಇದೇ ಪೈಪಿನ ಹೊಟ್ಟೆಯ ಮೇಲೆ ಎಣ್ಣೆ ಜಿಬಿಜಿಬಿ ಇತ್ತು. ಎಣ್ಣೆಗೆ ಮಣ್ಣು ಹತ್ತಿ ಕರ್ರಗಾಗಿತ್ತು. ಅವನೇ ಅದನ್ನು ಕಂಡಿದ್ದ, ಅವನೇ ಎರಡು ಸಲ ಉಜ್ಜಿ ಫಳಫಳ ಒರೆಸಿದ್ದ. ಪೈಪು ಎಲ್ಲಿ ಸೀಳಿರುತ್ತದೋ ಅಲ್ಲಿ ಟರ್ಬೊ ಒತ್ತಿದ ಗಾಳಿ ಹೊರಗೆ ಸೋರುತ್ತದೆ, ಗಾಳಿಯ ಜೊತೆ ಒಂದಿಷ್ಟು ಎಣ್ಣೆಯೂ. ಪೈಪು ಕಾಯ್ದು ಮೆತ್ತಗಾದಷ್ಟೂ ಸೀಳು ಬಾಯಿ ಬಿಡುತ್ತದೆ. ಚಳಿಯಲ್ಲಿ ನೆಟ್ಟಗಿದ್ದು, ಹೊತ್ತು ಏರಿದ ಮೇಲೆ ಗಾಡಿ ಸಾಯುವುದು ಅದಕ್ಕೇ. ಕಾರು ತನ್ನ ರೋಗವನ್ನು ಬರೆದು ತೋರಿಸಿತ್ತು; ಈ ಜಾಬರ್ ಸೀರೆ ಕೆಟ್ಟೀತೆಂಬಂತೆ ಅದನ್ನು ಒರೆಸಿ ಒಗೆದಿದ್ದ.

“ನಿಮ್ಮ ಗಾಡಿಗೆ ಅದು ಬ್ಯಾಡ್ರಿ ಸಾವಕಾರ್ರ” ಎಂದವನೇ ಬೈಕಿಗೆ ಓಡಿದ. ಕಣ್ಣು ಮುಚ್ಚಿ ದಾಟ್ರಿ ಎಂದು ಬೇರೆ ಹೇಳಿ ಕಳಿಸಿದ್ದನಲ್ಲ! ಸುಭಾಷ್‌ಗೆ ಫೋನ್ ಹಚ್ಚಿದ. ರಿಂಗಾಗಿ ರಿಂಗಾಗಿ ನಿಂತಿತು. ಗಾಡಿ ನಡೆಸುವಾಗ ಮಾಮಾ ಫೋನ್ ಮುಟ್ಟುವ ಮನುಷ್ಯನೇ ಅಲ್ಲ. ಆಸ್ಪತ್ರೆಯಲ್ಲಿ ಕಳೆದೀತೆಂದು ಅಕ್ಕ ತನ್ನ ಫೋನನ್ನು ಮನೆಯಲ್ಲೇ ಇಟ್ಟು ಹೋಗುತ್ತಾಳೆ.

ರಬಕವಿ ದಾಟಿದ. ತೇರದಾಳದಲ್ಲಿ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು. ಒಂದರ ಹಾಡು ಮುಗಿಯುವುದರೊಳಗೆ ಇನ್ನೊಂದರ ಹಾಡು ಕಿವಿಗೆ ಬಡಿಯುತ್ತಿತ್ತು. ಬೈಕನ್ನು ಸಂದಿಯಲ್ಲಿ ತೂರಿಸುತ್ತ, ಬೈಸಿಕೊಳ್ಳುತ್ತ, ಪ್ರತಿ ಟ್ರೇಲರಿನ ಮುಂದೆ ಏನು ಕಾಣುತ್ತದೋ ಎಂದು ಹೆದರುತ್ತ ಹೋದ. ಹಾರೂಗೇರಿಯ ಈಚೆ ರಸ್ತೆಯ ಬದಿಗೆ ಮಾಮಾನ ಕಾರಿನಂಥದೇ ಬಿಳಿ ಕಾರೊಂದರ ಸುತ್ತ ಏಳೆಂಟು ಜನ ಮುಗಿಬಿದ್ದಿದ್ದರು. ಬೈಕ್ ನಿಲ್ಲಿಸಿ ಅತ್ತ ಓಡಿದ. ಹತ್ತಿರ ಹೋದರೆ ಯಾರದೋ ಕಾರು, ಪಂಕ್ಚರ್. “ಅಯ್ಯೋ ಶಿವನ” ಎಂದು ಅಷ್ಟೂ ಜನರ ಮುಂದೆ ಅತ್ತೇ ಬಿಟ್ಟ. ಅವರು ಇವನನ್ನು ಹುಚ್ಚನೆಂದು ತಿಳಿದಿರಬೇಕು.

ಹಾರೂಗೇರಿ ದಾಟಿ ಮೂರ್ನಾಲ್ಕು ಕಿಲೋಮೀಟರಿಗೆ, ಬೇವಿನ ಗಿಡದ ಬುಡದಲ್ಲಿ ಸುಭಾಷನ ಕಾರು ನಿಂತಿತ್ತು. ಮಾಮಾ ಕಲ್ಲಿನ ಮೇಲೆ ಕೂತು ಎರಡೂ ಕೈಗಳನ್ನು ಮೊಣಕಾಲ ನಡುವೆ ಒತ್ತಿ ಹಿಡಿದಿದ್ದ.

“ಬಾರಪಾ ಬಾ, ದೊಡ್ಡ ಮೇಸ್ತ್ರಿ!” ಎಂದ. “ನಿನ್ನ ಮಾತು ನಂಬಿ ಟ್ರ್ಯಾಕ್ಟರ್ ದಾಟಾಕ ಗಾಡಿ ಹೊರಗ ತಗದ್ನಿ. ಒಂದು ಟ್ರೇಲರ್ ದಾಟೀನಿ, ಎರಡನೇದಕ್ಕ ಬಂದಾಗ ಇದು ಉಸಿರು ಬಿಟ್ತು. ಎದುರಿಗೆ ಬಸ್ಸು. ಬ್ರೇಕ್ ಹಾಕಿ ಹಿಂದ ಸರದ್ನಿ. ನಮ್ಮ ಹಿಂದಿನವ ಪುಣ್ಯಾತ್ಮ ಜಾಗಾ ಬಿಟ್ಟ, ಅದಕ್ಕ ಉಳದೀವಿ. ಇಲ್ಲಂದ್ರ ನಿಮ್ಮಕ್ಕನ ಮಿರಜೂ ಮುಗೀತಿತ್ತು, ಎಲ್ಲಾನೂ ಮುಗೀತಿತ್ತು.”

ದಾರಿಯುದ್ದಕ್ಕೂ ಪರಮಾನಂದ ಮನಸ್ಸಿನಲ್ಲೇ ನೆಪಗಳನ್ನು ಜೋಡಿಸಿಕೊಂಡು ಬಂದಿದ್ದ. ಪೈಪು ಹಳೆಯದು, ಗಾಡಿ ಹಳೆಯದು, ಸೀಳು ಕಣ್ಣಿಗೆ ಬೀಳುವಂಥದ್ದಲ್ಲ. ತೆರೆದ ಬಾಗಿಲಿನಿಂದ ಹೊರಗೆ ಇಳಿಬಿಟ್ಟಿದ್ದ ಅಕ್ಕನ ಕಾಲು ಕಂಡವು. ನೀರು ತುಂಬಿ ಬಾತುಕೊಂಡು ಚಪ್ಪಲಿಯೊಳಗೆ ಹಿಡಿಯದಂತಾಗಿದ್ದವು.

“ತಪ್ಪು ನಂದ್ರಿ ಮಾಮಾ. ಎಣ್ಣಿ ಕಾಣಾಕತ್ತಿತ್ತು, ಒರಸಿ ಒಗದ್ನಿ. ಗ್ಯಾಸ್ಕೆಟ್ಟಿನ ಹುಚ್ಚಿನ್ಯಾಗ ಪೈಪ್ ನೋಡಲೇ ಇಲ್ಲ.”

ಸುಭಾಷ್ ಮುಖ ತಿರುಗಿಸಿದ. ಪರಮಾನಂದ ಕಾರಿನ ಕೆಳಗೆ ತೂರಿ, ಪೈಪನ್ನು ಹಿಂಡಿ ನೋಡಿದ. ಹೊಟ್ಟೆಯ ಭಾಗದಲ್ಲಿ ಬೆರಳುದ್ದದ ಸೀಳು ಬಾಯಿ ತೆರೆಯಿತು. ಬೈಕಿನ ಡಬ್ಬಿಯಲ್ಲಿದ್ದ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಎರಡೂ ಕಡೆ ಕ್ಲಿಪ್ ಹಾಕಿ ಜಗ್ಗಿದ. ಮೇಲೆದ್ದಾಗ ಅಂಗಿಗೆಲ್ಲ ಎಣ್ಣೆ. ಅಷ್ಟರಲ್ಲಿ ಸುಭಾಷ್ ಆಸ್ಪತ್ರೆಗೆ ಫೋನ್ ಮಾಡಿ, ತಡವಾಗಿ ಬಂದರೂ ನಡೆಯುತ್ತದೆ ಎಂದು ಖಾತ್ರಿ ಮಾಡಿಕೊಂಡಿದ್ದ. ಬಂದು ಕೀಲಿಯನ್ನು ಪರಮಾನಂದನ ಕೈಗೆ ಹಾಕಿದ. “ನಂಗ ಕೈ ನಿಲ್ಲವಲ್ವು. ನೀನ ನಡಸು.”

ಬೈಕನ್ನು ಅಲ್ಲೇ ಗಿಡದ ಕೆಳಗೆ ಬಿಟ್ಟು ಸ್ಟೇರಿಂಗ್ ಹಿಡಿದು ಕೂತ. ಹಿಂದಿನಿಂದ ಶೇವಂತಿ ಕೇಳಿದಳು, “ಪರಮೂ, ಈಗ ಎಳೀತೈತೇನೊ?”

ಎಳೀತೈತಿ ಎಂಬ ಮಾತು ನಾಲಿಗೆಯ ತುದಿಗೇ ಬಂದು ಕೂತಿತ್ತು. ಅದನ್ನು ನುಂಗಿದ. “ಗೊತ್ತಿಲ್ಲ ಅಕ್ಕಾ” ಎಂದ. “ಕಟ್ಟೀನಿ ಖರೆ. ಹೊಸಾ ಪೈಪ್ ಹಾಕೂತನಕ ನನಗ ಗೊತ್ತಿಲ್ಲ.”

“ಹಂಗಾದ್ರ ಯಾರನ್ನೂ ದಾಟೂದು ಬ್ಯಾಡ ತಮ್ಮಾ. ಹಿಂದ ಹಿಂದ ಹೋಗೂಣು” ಎಂದಳು ಶೇವಂತಿ.

ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿನ ಹಿಂದೆ ಕಾರು ತೆವಳತೊಡಗಿತು. ಪರಮಾನಂದನ ಬಲಗಾಲು ತಡೆಯದೆ ಕುಣಿಯುತ್ತಿತ್ತು, ಅದನ್ನು ಹಿಡಿದಿಡುವುದೇ ಒಂದು ಕೆಲಸವಾಯಿತು. ಕುಡಚಿ ಇನ್ನೂ ಬಂದಿರಲಿಲ್ಲ. ಸುಭಾಷ್ ಮೆಲ್ಲಗೆ ಅವನ ತೋಳು ಮುಟ್ಟಿ ಹಿಂದೆ ನೋಡೆಂದು ಕಣ್ಣು ಮಾಡಿದ. ಕನ್ನಡಿಯಲ್ಲಿ ನೋಡಿದರೆ ಶೇವಂತಿ ಬಾಯಿ ಅರ್ಧ ತೆರೆದು, ತಲೆ ವಾಲಿಸಿ ಗಾಢ ನಿದ್ದೆಯಲ್ಲಿದ್ದಳು.

“ಎರಡು ವರ್ಷದಾಗ ಈ ದಾರ್ಯಾಗ ಒಮ್ಮಿನೂ ಕಣ್ಣು ಮುಚ್ಚಿದಾಕಿ ಅಲ್ಲ” ಎಂದ ಸುಭಾಷ್ ಪಿಸುಮಾತಿನಲ್ಲಿ. “ಸೀಟಿನ ಅಂಚು ಗಟ್ಟಿ ಹಿಡದ ಕುಂಡರತಿದ್ಲು. ನೀ ‘ಆತು, ಏನೂ ಚಿಂತಿಲ್ಲ’ ಅಂದ ದಿವಸ ಇನ್ನೂ ಗಟ್ಟಿ ಹಿಡೀತಿದ್ಲು.”

ಎದುರಿನ ಬದಿಯ ರಸ್ತೆ ಖಾಲಿಯಾಯಿತು. ಟ್ರ್ಯಾಕ್ಟರಿನವನು ಹೊರಗೆ ಕೈ ಚಾಚಿ, ದಾಟಿ ಹೋಗು ಎಂದು ಬೀಸಿದ. ಪರಮಾನಂದ ಅಕ್ಕನನ್ನು ಇನ್ನೊಮ್ಮೆ ನೋಡಿ, ಟ್ರ್ಯಾಕ್ಟರಿನ ಹಿಂದೆಯೇ ಉಳಿದ.