ಮೂರನೇ ಮೆಟ್ಟಿಲಿನ ಪಂಚನಹಳ್ಳಿಯವರು

ಕಡೂರಿನ ಹಳೆಯ ಮೈದಾನದ ಮೆಟ್ಟಿಲುಗಳ ಮೇಲೆ ಯಾರೂ ಕೂರುತ್ತಿರಲಿಲ್ಲ. ಕೂರಬಾರದೆಂದು ಬೋರ್ಡೇನೂ ಹಾಕಿರಲಿಲ್ಲ. ದಿಬ್ಬಕ್ಕೆ ಒರಗಿಸಿ ಕಟ್ಟಿದ ಚಪ್ಪಡಿ ಕಲ್ಲಿನ ಆರು ಮೆಟ್ಟಿಲು, ಅಗಲ ಕಡಿಮೆ. ಕೂತರೆ ಮುಂದೆ ನಿಂತವನ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಲ್ಲೂ ಕಾದಿರುತ್ತಿತ್ತು. ಹಾಗಾಗಿ ಆಟ ಮುಗಿಯುವವರೆಗೆ ನಿಂತೇ ಇರುತ್ತಿದ್ದೆವು. ಒಬ್ಬರ ಭುಜ ಇನ್ನೊಬ್ಬರಿಗೆ ತಾಗುತ್ತಿತ್ತು. ಯಾರು ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು.

ನಾನು ಪಂಪ್‌ಸೆಟ್ ಮೋಟಾರು ರೀವೈಂಡಿಂಗ್ ಮಾಡುವವನು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಂಗಡಿ. ವಾರವೆಲ್ಲ ಸುಟ್ಟ ಕಾಯಿಲ್ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹೊಡೆದು, ಭಾನುವಾರ ಊಟ ಮುಗಿದ ಮೇಲೆ ಮೈದಾನಕ್ಕೆ ಹೋಗುತ್ತಿದ್ದೆ. ಸುತ್ತಮುತ್ತ ಕಬಡ್ಡಿ ಮತ್ತು ವಾಲಿಬಾಲ್ ಹುಚ್ಚಿನ ಊರುಗಳೇ ಹೆಚ್ಚು. ನಮ್ಮಲ್ಲಿ ಫುಟ್‌ಬಾಲ್ ಹೇಗೆ ಬಂತೋ ಗೊತ್ತಿಲ್ಲ. ರೈಲ್ವೆಯವರು ತಂದದ್ದು ಎನ್ನುತ್ತಾರೆ. ದೊಡ್ಡ ತಂಡವೇನಲ್ಲ. ತರೀಕೆರೆಯವರನ್ನು ಒಮ್ಮೆ ಸೋಲಿಸಿದರೆ ಆ ವರ್ಷ ಸಾರ್ಥಕ ಎಂದುಕೊಳ್ಳುವಷ್ಟು.

ಮೂರನೇ ಮೆಟ್ಟಿಲಿನಲ್ಲಿ, ನನ್ನ ಬಲಕ್ಕೆ, ಪಂಚನಹಳ್ಳಿಯಿಂದ ಬರುವ ಒಬ್ಬರು ನಿಲ್ಲುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ ಇದೆಯೆಂದು ಯಾವಾಗಲೋ ಹೇಳಿದ್ದರು. ಅದಕ್ಕಿಂತ ಹೆಚ್ಚು ನನಗೆ ತಿಳಿದಿರಲಿಲ್ಲ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಮೋಟ್ರು ಎನ್ನುತ್ತಿದ್ದರು. ಮೆಟ್ಟಿಲಿನ ಮೇಲೆ ಯಾರಿಗೂ ಯಾರ ಹೆಸರೂ ಬೇಕಾಗಿರಲಿಲ್ಲ.

"ಏನ್ ಮೋಟ್ರು, ಊಟ ಆಯ್ತಾ?"

"ಆಯ್ತಣ್ಣ. ಬಸ್ಸಲ್ಲಿ ಸೀಟ್ ಸಿಕ್ತಾ?"

"ಎಲ್ಲಿ ಸಿಕ್ತು. ಅಲ್ಲೂ ನಿಂತ್ಕಂಡೇ ಬಂದೆ."

ಇಷ್ಟೇ ಮಾತು. ಆಮೇಲೆ ಆಟ ಶುರುವಾದರೆ ಅವರು ಬೇರೆಯೇ ಮನುಷ್ಯ. ನಮ್ಮ ತಂಡದ ನೀಲಿ ಬಣ್ಣದ ಅಂಗಿ ಹಾಕಿಕೊಂಡು, ಕತ್ತಿನ ನರ ಉಬ್ಬುವಂತೆ ಕೂಗುತ್ತಿದ್ದರು. "ಎಡಕ್ಕೆ ಕೊಡ್ಲಾ, ಎಡಕ್ಕೆ, ಅಲ್ಲಿ ಯಾರೂ ಇಲ್ಲ ಕಣ್ಲಾ." ನಮ್ಮ ಹುಡುಗರು ಎಡಕ್ಕೆ ಕೊಡುತ್ತಿದ್ದದ್ದು ಕಡಿಮೆ. ಕೊಡದೆ ಚೆಂಡು ಕಳೆದುಕೊಂಡರೆ ಅವರು ನನ್ನ ತೋಳು ಹಿಡಿದು, "ನೋಡ್ದಾ, ಹೇಳ್ದೆ ತಾನೆ" ಎನ್ನುತ್ತಿದ್ದರು, ತಪ್ಪು ನನ್ನದೇ ಎಂಬಂತೆ. ಹೀಗೆ ಹದಿನಾಲ್ಕು ವರ್ಷ.

ಮೂರು ವರ್ಷದ ಹಿಂದೆ, ತರೀಕೆರೆಯವರ ಮೇಲಿನ ಆಟದ ದಿನ, ಅರ್ಧ ಆಟ ಮುಗಿದ ಸ್ವಲ್ಪ ಹೊತ್ತಿಗೆ ಅವರು ಮೆಟ್ಟಿಲಿನ ಮೇಲೆ ಕೂತುಬಿಟ್ಟರು. ಕೈಯಲ್ಲಿದ್ದ ಬಟ್ಟೆಯ ಚೀಲ ನನಗೆ ಕೊಟ್ಟು, "ಇದನ್ನ ಇಟ್ಕಂಡಿರು" ಎಂದರು.

ನಾನು ಚೀಲವನ್ನು ಹೆಗಲಿಗೆ ಹಾಕಿಕೊಂಡೆ. "ಕೂತ್ಕಂಡ್ರೆ ಏನೂ ಕಾಣಲ್ಲ ಕಣಣ್ಣ, ಎದ್ದೇಳಿ" ಎಂದೆ. ಹಾಗೆನ್ನುವಾಗ ಅವರ ಕಡೆ ನೋಡಲಿಲ್ಲ. ನಮಗೆ ಕಾರ್ನರ್ ಸಿಕ್ಕಿತ್ತು. ಚೆಂಡು ಬಂತು, ನಮ್ಮ ಉದ್ದನೆಯ ಹುಡುಗ ತಲೆ ಕೊಟ್ಟ, ಗೋಲಾಯಿತು. ಮೆಟ್ಟಿಲುಗಳೆಲ್ಲ ಕುಣಿದವು. ಬಲಕ್ಕೆ ಕೈ ಚಾಚಿದೆ, ಭುಜ ಸಿಗಲಿಲ್ಲ. ಕೆಳಗೆ ನೋಡಿದರೆ ಅವರು ಹಿಂದಿನವನ ಕಾಲಿಗೆ ತಲೆ ಆನಿಸಿಕೊಂಡು ಕೂತೇ ಇದ್ದರು. ಹಿಂದಿನವನು ಕುಣಿಯುವುದನ್ನು ನಿಲ್ಲಿಸಿ, "ಯಜಮಾನ್ರಿಗೆ ಏನೋ ಆಗೈತೆ" ಎಂದ.

ನಾಲ್ಕು ಜನ ಎತ್ತಿಕೊಂಡು ಆಟೋಗೆ ಹಾಕಿದೆವು. ದಾರಿಯುದ್ದಕ್ಕೂ ಅವರ ಅಂಗೈ ಉಜ್ಜುತ್ತಲೇ ಇದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಬರುವ ಮೊದಲೇ ಹೋಗಿದ್ದಾರೆ ಎಂದರು. ಜೇಬಿನಲ್ಲಿದ್ದ ಫೋನಿನಿಂದ ನರ್ಸೊಬ್ಬರು ಅವರ ಮಗನಿಗೆ ತಿಳಿಸಿದರು. ಯಾರೆಂದು ಬರೆದುಕೊಳ್ಳಲು ನನ್ನನ್ನು ಕೇಳಿದರು. ಪಂಚನಹಳ್ಳಿಯವರು ಎಂದೆ. ಹೆಸರು ಎಂದರು. ಗೊತ್ತಿಲ್ಲ ಎಂದೆ. ನೀವು ಏನಾಗಬೇಕು ಎಂದರು. ಏನೂ ಇಲ್ಲ, ಪಕ್ಕದಲ್ಲಿ ನಿಂತಿದ್ದೆ ಎಂದೆ.

ಮಗ ಬಂದಾಗ ನಾನು ಹೊರಗಿನ ಬೆಂಚಿನಲ್ಲಿದ್ದೆ. ನೆಂಟರೂ ಜೊತೆಗಿದ್ದರು, ಅವರೆಲ್ಲ ಒಳಗೆ ಹೋದರು. ಮೈದಾನದ ಹತ್ತಿರ ಬಿದ್ದಿದ್ದರಂತೆ ಎಂದು ಅವರಲ್ಲೊಬ್ಬರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಎದ್ದು ಮನೆಗೆ ಬಂದೆ.

"ಏನಾಯ್ತು ಇವತ್ತು?" ಎಂದು ಹೆಂಡತಿ ಕೇಳಿದಳು.

"ಎರಡು ಒಂದು. ಗೆದ್ವಿ" ಎಂದೆ. ಗೆದ್ದದ್ದನ್ನು ಮನೆಗೆ ಬಿಟ್ಟ ಆಟೋದವನು ಹೇಳಿದ್ದ.

ಊಟ ಮಾಡಿದೆ. ರುಚಿ ಗೊತ್ತಾಗಲಿಲ್ಲ, ಗೊತ್ತಾಗಲಿಲ್ಲ ಎಂಬುದೂ ಆಗ ತಿಳಿಯಲಿಲ್ಲ. ಕೈ ತೊಳೆದು ಬಂದಾಗ ಅವಳೇ, "ಇದ್ಯಾರ ಚೀಲ?" ಎಂದಳು. ಅದು ಅಷ್ಟು ಹೊತ್ತೂ ನನ್ನ ಹೆಗಲಲ್ಲೇ ಇತ್ತು. ಆಗ ಹೇಳಿದೆ. ಅವಳಿಗೆ ಕಣ್ಣಲ್ಲಿ ನೀರು ಬಂತು, ಅವರನ್ನು ಒಮ್ಮೆಯೂ ಕಂಡವಳಲ್ಲ. ನನಗೆ ಬರಲಿಲ್ಲ. ಮರುದಿನ ಅಂಗಡಿ ತೆರೆದು ಒಂದು ಐದು ಎಚ್‌ಪಿ ಮೋಟಾರು ಬಿಚ್ಚಿದೆ. ಸುತ್ತು ಒಂದೂ ತಪ್ಪಲಿಲ್ಲ. ಬರುತ್ತದೆ, ನಾಳೆ ಬರುತ್ತದೆ ಎಂದು ಅಳುವಿಗಾಗಿ ಕಾದೆ. ಸುಮಾರು ದಿನ ಕಾದು ಅದನ್ನೂ ಬಿಟ್ಟೆ.

ಚೀಲದಲ್ಲಿ ಒಂದು ನೀರಿನ ಬಾಟಲಿ, ಎಲೆ ಅಡಿಕೆಯ ಪೊಟ್ಟಣ, ನೀಟಾಗಿ ಮಡಿಸಿದ ಒಂದು ಬಿಳಿ ಅಂಗಿ ಇತ್ತು. ತಿಥಿ ಮುಗಿದ ಮೇಲೆ ಒಂದು ದಿನ ಅದನ್ನು ತೆಗೆದುಕೊಂಡು ಪಂಚನಹಳ್ಳಿಗೆ ಹೋದೆ. ಬಸ್ ಸ್ಟಾಪಿನಲ್ಲಿ ಕೇಳಿದೆ: ಮೊನ್ನೆ ಕಡೂರಲ್ಲಿ ತೀರಿಕೊಂಡರಲ್ಲ, ಅವರ ಮನೆ. ತಕ್ಷಣ ತೋರಿಸಿದರು.

ಮಗ ಜಗುಲಿಯಲ್ಲಿದ್ದ. ಮೂವತ್ತರ ಮೇಲಿನವನು, ತಲೆ ಬೋಳಿಸಿಕೊಂಡಿದ್ದ. ನಿಮ್ಮಪ್ಪನ ಪಕ್ಕ ನಿಲ್ಲುತ್ತಿದ್ದವನು ಎಂದೆ, ಅವನಿಗೆ ಅರ್ಥವಾಗಲಿಲ್ಲ. ಮೋಟಾರು ಅಂಗಡಿಯವನು ಎಂದೆ.

"ನಮ್ಮ ಮೋಟ್ರೆಲ್ಲ ಅರಸೀಕೆರೇಲೇ ಮಾಡ್ಸೋದು ಅಣ್ಣ. ಕಡೂರಿಗೆ ಬ್ಯಾಡ ಅನ್ನೋರು ಅಪ್ಪ" ಎಂದ. ಹದಿನಾಲ್ಕು ವರ್ಷದಲ್ಲಿ ಅವರ ಮೋಟಾರು ಒಂದು ಸಲವೂ ಸುಟ್ಟಿಲ್ಲವೇನೋ ಎಂದು ಅಲ್ಲಿಯವರೆಗೂ ಅಂದುಕೊಂಡಿದ್ದೆ.

ಅವರ ಹೆಂಡತಿ ಒಳಗಿನಿಂದ ಬಂದು ಬಾಗಿಲ ಪಕ್ಕ ಕೂತರು. ಚೀಲ ಕೊಟ್ಟೆ. ಅವರು ಬಿಳಿ ಅಂಗಿಯನ್ನು ತೆಗೆದು, ಬಿಚ್ಚಿ, ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ಇದು ಎಲ್ಲಿತ್ತು?"

"ಚೀಲದಲ್ಲೇ ಇತ್ತಕ್ಕ. ಆಟಕ್ಕೆ ನೀಲಿ ಅಂಗಿ ಹಾಕ್ಕಳೋರು. ಹೋಗ್ವಾಗ ಇದನ್ನ ಹಾಕ್ಕಂಡು ಹೋಗ್ತಿದ್ರು ಅನ್ಸುತ್ತೆ."

"ಯಾವ ಆಟ?"

ಹೇಳಿದೆ. ಮೈದಾನ, ಮೆಟ್ಟಿಲು, ಭಾನುವಾರಗಳು. ಹೇಳುತ್ತ ಹೋದಂತೆ ಇದೊಂದೂ ಈ ಮನೆಗೆ ಗೊತ್ತಿರಲಿಲ್ಲ ಎಂಬುದು ನನಗೆ ತಿಳಿಯಿತು. ಮಗ ಮಜ್ಜಿಗೆ ತರುತ್ತೇನೆಂದು ಎದ್ದು ಒಳಗೆ ಹೋದ. ಅವನ ತಾಯಿ ಅಂಗಿಯನ್ನು ನೋಡುತ್ತಲೇ ಹೇಳಿದರು.

"ನಾನು ಬ್ಯಾರೆ ಏನೋ ಅಂದ್ಕಂಡಿದ್ದೆ ಕಣಣ್ಣ. ಕಡೂರಲ್ಲಿ ಯಾರೋ ಅವ್ಳೆ ಅಂತ. ಬಿಳೀ ಅಂಗಿ ಹಾಕ್ಕಂಡು ಹೋದೋರು ಹೆಣ ಆಗಿ ಬಂದಾಗ ನೀಲಿ ಅಂಗೀಲಿ ಬಂದ್ರು. ನಾನು ಕಾಣದ ಅಂಗಿ. ಅವ್ಳೇ ಕೊಡ್ಸಿರ್ಬೇಕು ಅಂದ್ಕಂಡೆ. ತೆಗೆಸಿ ಸುಟ್ಟಾಕಿಸ್ಬಿಟ್ಟೆ."

ಅವರು ಅಂಗಿಯನ್ನು ಮೊದಲಿನ ಹಾಗೇ ಮಡಿಸತೊಡಗಿದರು.

"ಒಂದ್ ದಿನಾನೂ ಬಾಯ್ಬಿಟ್ಟು ಕೇಳ್ಲಿಲ್ಲ. ಭಾನುವಾರ ಬಂದ್ರೆ ತಟ್ಟೆ ಇಟ್ಟು ಒಳಗೆ ಹೋಗ್ಬಿಡ್ತಿದ್ದೆ. ಕೇಳಿದ್ರೆ ಹೇಳೋರೋ ಏನೋ." ಆಮೇಲೆ, "ಅಲ್ಲಿ ಏನ್ ಮಾಡೋರು?" ಎಂದರು.

"ಕೂಗೋರು ಅಕ್ಕ. ನಮ್ಮೆಲ್ಲರಿಗಿಂತ ಜೋರಾಗಿ."

"ಇವ್ರಾ?" ಅವರು ಮೊದಲ ಸಲ ನನ್ನ ಮುಖ ನೋಡಿದರು. "ಈ ಮನೇಲಿ ಒಂದ್ ಲೋಟ ನೀರು ಬೇಕಾದ್ರೂ ಕೈ ತೋರ್ಸೋರು. ಏನಂತ ಕೂಗೋರು?"

ಹೇಳಲು ಮುಜುಗರವಾಯಿತು. ಸಾವಿನ ಮನೆ, ಜಗುಲಿ, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಆದರೂ ಹೇಳಿದೆ. ಎಡಕ್ಕೆ ಕೊಡ್ಲಾ, ಎಡಕ್ಕೆ, ಅಲ್ಲಿ ಯಾರೂ ಇಲ್ಲ ಕಣ್ಲಾ. ಪಾಠ ಒಪ್ಪಿಸಿದಂತೆ ಮೆಲ್ಲಗೆ ಹೇಳಿದೆ. ಅವರು ತಲೆಯಾಡಿಸಿದರು, ಇನ್ನೊಂದು ಸಲ ಹೇಳಿ ಎನ್ನುವಂತೆ. ಇನ್ನೊಂದು ಸಲ ಹೇಳಿದೆ. ಮಜ್ಜಿಗೆ ಲೋಟ ಹಿಡಿದು ಬಂದಿದ್ದ ಮಗ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಲೋಟ ಕೊಟ್ಟು, ತೋಟಕ್ಕೆ ನೀರು ಬಿಡಬೇಕು ಎಂದು ಹೊರಟುಹೋದ. ಕುಡಿದು ನಾನೂ ಬಂದೆ.

ಮುಂದಿನ ವರ್ಷ ಮೆಟ್ಟಿಲು ಒಡೆದು ಗ್ಯಾಲರಿ ಕಟ್ಟುತ್ತಾರೆಂದು ಸುದ್ದಿಯಾಯಿತು. ಆ ಮನೆಗೊಂದು ಮಾತು ತಿಳಿಸಬೇಕೆನಿಸಿ, ಪಂಚನಹಳ್ಳಿಯ ಗಿರಾಕಿಯೊಬ್ಬರಿಂದ ನಂಬರು ಪಡೆದು ಮಗನಿಗೆ ಫೋನ್ ಮಾಡಿದೆ. ಆಯ್ತಣ್ಣ ಎಂದಷ್ಟೇ ಹೇಳಿ ಇಟ್ಟ. ಕೊನೆಯ ಆಟಕ್ಕೆ ಎರಡು ವಾರ ಇರುವಾಗ, ಅಜ್ಜಂಪುರದವರು ಬಂದ ದಿನ, ಆ ತಾಯಿ ಒಬ್ಬರೇ ಬಸ್ಸಿಳಿದು ಕೇಳಿಕೊಂಡು ನನ್ನ ಅಂಗಡಿಗೇ ಬಂದರು.

"ಅದೆಲ್ಲಿ ನಿಲ್ತಿದ್ರು, ತೋರ್ಸಿ" ಎಂದರು.

ಮೆಟ್ಟಿಲಿನ ಮೇಲೆ ಹೆಂಗಸರು ನಿಂತದ್ದನ್ನು ನಾನು ನೋಡಿರಲಿಲ್ಲ. ಅವರು ಸೆರಗು ಹೊದ್ದು ಮೂರನೇ ಮೆಟ್ಟಿಲಿಗೆ ಹತ್ತಿದಾಗ ಜನ ಸರಿದು ದಾರಿ ಬಿಟ್ಟರು. ನನ್ನ ಬಲಕ್ಕೆ ನಿಂತರು. ಯಾರೆಂದು ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ, ಆ ದಿನ ನಮ್ಮ ಸುತ್ತ ಯಾರ ಬಾಯಲ್ಲೂ ಒಂದು ಬೈಗುಳ ಬರಲಿಲ್ಲ.

"ನಮ್ಮೋರು ಯಾರು?"

"ನೀಲಿ ಅಕ್ಕ."

ಆಟ ಶುರುವಾಯಿತು. ಚೆಂಡು ಹೋದ ಕಡೆಗೆಲ್ಲ ಅವರ ಕಣ್ಣು ಹೋಗುತ್ತಿರಲಿಲ್ಲ. ಹೆಚ್ಚು ಹೊತ್ತು ಜನರನ್ನೇ ನೋಡುತ್ತಿದ್ದರು. ಕಲ್ಲಿನ ಮೇಲೆ ಕಾಲು ನೋಯುತ್ತಿರಬೇಕು, ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಹಾಕುತ್ತಿದ್ದರು. ಆಟ ಗೋಲಿಲ್ಲದೆ ಮುಗಿಯಿತು. ರೆಫರಿ ಸೀಟಿ ಊದಿದ ಮೇಲೆ ಅವರು ಕೇಳಿದರು.

"ಇಷ್ಟೇನಾ?"

"ಇಷ್ಟೇ ಅಕ್ಕ."

"ಇಷ್ಟನ್ನ ಯಾಕ್ ಮುಚ್ಚಿಡ್ಬೇಕಿತ್ತು?" ನಾನು ಇಳಿಯಲು ದಾರಿ ಮಾಡಿಕೊಟ್ಟೆ. ಅವರೇ ಮುಂದುವರಿಸಿದರು: "ಸುಳ್ಳೂ ಹೇಳ್ಲಿಲ್ಲ ಬಿಡಿ. ಕಡೂರಿಗೆ ಹೋಗ್ಬತ್ತೀನಿ ಅನ್ನೋರು, ಕಡೂರಿಗೇ ಬರೋರು."

ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಟೀ ಬೇಡವೆಂದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ಹೊರಟಾಗ ಅವರು ಕೈ ಬೀಸಲಿಲ್ಲ, ನಾನೂ ಬೀಸಲಿಲ್ಲ.

ಮಳೆಗಾಲಕ್ಕೆ ಮುಂಚೆ ಜೆಸಿಬಿ ಬಂತು. ಮೂರು ದಿನದ ಕೆಲಸ ಎಂದಿದ್ದರು, ಒಂದೇ ದಿನಕ್ಕೆ ಮುಗಿಯಿತು. ಮೆಟ್ಟಿಲಿನ ಹಳಬರು ಕೆಲವರು ನೆನಪಿಗೆಂದು ಕಲ್ಲಿನ ಚೂರು ಒಯ್ದರು. ಹಾಲಿನ ಡೇರಿಯಲ್ಲಿ ಕೆಲಸ ಮಾಡುವವರೊಬ್ಬರು, ನಮ್ಮ ಹಿಂದಿನ ಮೆಟ್ಟಿಲಿನವರು, ನನಗೂ ಒಂದು ಚೂರು ತಂದು ಅಂಗಡಿಯಲ್ಲಿಟ್ಟು ಹೋದರು. ಅದನ್ನು ಎಲ್ಲಿಟ್ಟೆನೋ ಈಗ ನೆನಪಿಲ್ಲ. ಇಡೀ ಚಪ್ಪಡಿಗಳು ಯಾವುದೋ ಚರಂಡಿಗೆ ಮುಚ್ಚಳವಾದವಂತೆ. ಸಂಕಟವಾಗಲಿಲ್ಲವೇ ಎಂದು ಡೇರಿಯವರು ಕೇಳಿದರು. ಆಯಿತು ಎಂದೆ. ಅವರ ಸಮಾಧಾನಕ್ಕೆ ಹೇಳಿದ್ದು.

ಈಗಿನ ಗ್ಯಾಲರಿ ಚೆನ್ನಾಗಿದೆ. ಮೇಲೆ ಶೀಟು, ಕೆಳಗೆ ಪ್ಲಾಸ್ಟಿಕ್ ಕುರ್ಚಿ. ಮೈದಾನದ ಮೂಲೆಮೂಲೆಯೂ ಕಾಣುತ್ತದೆ. ಕುರ್ಚಿಗೂ ಕುರ್ಚಿಗೂ ನಡುವೆ ಒಂದು ಗೇಣು ಜಾಗ. ಹಳಬರು ಚೆದುರಿ ಹೋಗಿದ್ದೇವೆ. ಡೇರಿಯವರು ಆ ತುದಿಯಲ್ಲಿ ಕೂರುತ್ತಾರೆ. ನಾನು ಪ್ರತಿ ವಾರ ಹೋಗುತ್ತೇನೆ, ಹೋಗದಿರಲು ಕಾರಣವಿಲ್ಲ.

ಹೋದ ತಿಂಗಳು ಹೆಂಡತಿಯ ಕಡೆಯ ಒಂದು ಮದುವೆಗೆ ಲಿಂಗದಹಳ್ಳಿಗೆ ಹೋಗಿದ್ದೆವು. ಹೆಂಡತಿ ಮೊದಲ ಪಂಕ್ತಿಯಲ್ಲೇ ಕೂತಿದ್ದಳು. ಊಟದ ಹಾಲ್ ಬಾಗಿಲಲ್ಲಿ ಎರಡನೇ ಪಂಕ್ತಿಗೆ ನಾನೊಬ್ಬನೇ ಕಾಯುತ್ತ ನಿಂತಿದ್ದಾಗ ಯಾರೋ, "ಚೆನ್ನಾಗಿದೀರಾ ಅಣ್ಣ?" ಎಂದರು. ಪಂಚನಹಳ್ಳಿಯ ತಾಯಿ. ಮಗಳನ್ನು ಆ ಊರಿಗೆ ಕೊಟ್ಟಿದ್ದಾರಂತೆ. ಪಕ್ಕದಲ್ಲಿದ್ದ ಮಗಳಿಗೆ ನನ್ನನ್ನು ತೋರಿಸಿ, "ಇವ್ರು ಅಪ್ಪನ ಸ್ನೇಹಿತ್ರು ಕಣೇ" ಎಂದರು.

ನಮ್ಮಿಬ್ಬರನ್ನು ಹಾಗೆ ಯಾರೂ ಕರೆದಿರಲಿಲ್ಲ, ನಾವೂ ಹಾಗೆ ಹೇಳಿಕೊಂಡಿರಲಿಲ್ಲ. ನಾನು ಹೌದೆಂದು ತಲೆಯಾಡಿಸಿದೆ. ಮಗಳು ಕೈಮುಗಿದಳು. ಅಷ್ಟರಲ್ಲಿ ಬಾಗಿಲು ತೆರೆದರು, ಜನ ಒಳಗೆ ನುಗ್ಗಿದರು, ನಾವು ಮೂವರೂ ಒಂದೇ ಸಾಲಿನಲ್ಲಿ ಕೂತು ಊಟ ಮಾಡಿದೆವು.