ಕದಡಿದ ಮೂತ್ರಕ್ಕೆ ಬರೆದ ಚೀಟಿ

೧೯೮೬ರಲ್ಲಿ ನಾನು ರಾಯಚೂರಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆ. ತಿಂಗಳಿಗೊಮ್ಮೆ ಮಾನ್ವಿಗೂ ಹೋಗಿ ರೋಗಿಗಳನ್ನು ನೋಡುತ್ತಿದ್ದೆ. ಇದು ನಡೆದದ್ದು ಮಾರ್ಚ್‌ನಲ್ಲಿ ಎಂದು ನೆನಪು. ನನ್ನ ನೆನಪನ್ನು ಎಷ್ಟು ನಂಬಬಹುದೆಂಬುದು ಮುಂದೆ ತಿಳಿಯುತ್ತದೆ.

ಮಾನ್ವಿಯ ಅಕ್ಕಿ ಗಿರಣಿಯ ಹಮಾಲಿ ಶರಣಪ್ಪನ ಮೇಲೆ ಎರಡು ವರ್ಷದ ಹಿಂದೆ ಚೀಲಗಳ ನಿಟ್ಟು ಕುಸಿದಿತ್ತು. ಬೆನ್ನುಹುರಿ ಜಖಂ ಆಗಿ ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲ. ಮೂತ್ರಕ್ಕೆ ಸದಾ ಕ್ಯಾಥೆಟರ್, ಅಂದರೆ ರಬ್ಬರ್ ನಳಿಗೆ, ಅದರ ತುದಿಗೆ ಬಾಟಲಿ. ಆಮೇಲೆ ಅವನು ಹೆಂಡತಿ ಹುಲಿಗೆಮ್ಮನ ತವರು ದೇವದುರ್ಗದಲ್ಲಿದ್ದ. ಅಂದು ಬೆಳಿಗ್ಗೆ ರಾಯಚೂರಿನ ನಮ್ಮ ಆಸ್ಪತ್ರೆಯ ಮುಂದೆ ಜೀಪಿನಿಂದ ಇಳಿಸಿದಾಗ ಜ್ವರ ೧೦೪, ಮಂಚ ಅಲುಗುವಂಥ ನಡುಕ. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಆಂಪಿಸಿಲಿನ್ ಕೊಟ್ಟೆ, ಜೆಂಟಾಮೈಸಿನ್ ಸೇರಿಸಿದೆ. ಎರಡು ದಿನವಾದರೂ ಜ್ವರ ಇಳಿಯಲಿಲ್ಲ, ರಕ್ತದೊತ್ತಡ ಇಳಿಯತೊಡಗಿತು.

ಮೊದಲ ದಿನವೇ ಕಳಿಸಿದ್ದ ಮೂತ್ರದ ಕಲ್ಚರ್ ಮೂರನೇ ದಿನ ಸಿದ್ಧವಾಯಿತು. ರೋಗಾಣು ಬೆಳೆಸಿದ ತಟ್ಟೆಯಲ್ಲಿ ಔಷಧದ ಬಿಲ್ಲೆಗಳನ್ನಿಡುತ್ತಾರೆ. ಔಷಧ ನಾಟಿದರೆ ಬಿಲ್ಲೆಯ ಸುತ್ತ ಖಾಲಿ ಉಂಗುರ ಕಾಣುತ್ತದೆ. ಆರು ಬಿಲ್ಲೆಗಳಲ್ಲಿ ಐದರ ಅಂಚಿನವರೆಗೂ ರೋಗಾಣು ಹಬ್ಬಿತ್ತು. ಉಂಗುರವಿದ್ದದ್ದು ಅಮಿಕಾಸಿನ್‌ಗೆ ಮಾತ್ರ. ಅದು ನಮ್ಮೂರಿನ ಅಂಗಡಿಗಳಲ್ಲಿ ಸಿಗಲಿಲ್ಲ. ಹುಲಿಗೆಮ್ಮನ ಅಣ್ಣ ಹೈದರಾಬಾದಿನ ರೈಲು ಹತ್ತಿದ.

ಇಷ್ಟು ಔಷಧ ನಾಟದಂತಾದದ್ದು ಯಾರೋ ಬೇಕಾಬಿಟ್ಟಿ ಗುಳಿಗೆ ಕೊಟ್ಟದ್ದರಿಂದ ಎಂದು ನನಗೆ ಸಿಟ್ಟು ಬಂದಿತ್ತು. "ದೇವದುರ್ಗದಾಗ ಯಾವ ಕಾಂಪೌಂಡರ್ ಇವಗ ಕಂಡಕಂಡ ಗುಳಿಗಿ ನುಂಗಿಸ್ಯಾನವ್ವಾ?"

ಹುಲಿಗೆಮ್ಮ ಎಲೆಅಡಿಕೆ ಚೀಲದಿಂದ ಮಡಿಚಿದ ಚೀಟಿ ತೆಗೆದಳು. "ಯಾವ ಕಾಂಪೌಂಡರ್ ರೀ? ಮಾನ್ವಿಗೆ ಬಂದಾಗ ನೀವ ಬರದು ಕೊಟ್ಟಿದ್ರಲ್ರೀ. ದಿನಾ ಮುಂಜಾನಿ ಬಾಟ್ಲಿ ಬಿಸಲಿಗೆ ಹಿಡದು ನೋಡತಿದ್ದೆ. ಕದಡಿದ್ರ ಗುಳಿಗಿ. ಒಂದ್ ಸಲಾನೂ ತಪ್ಸಿಲ್ರೀ."

"ಆವಾಗೆಲ್ಲ ಜ್ವರ ಇದ್ದುವೇನು?"

"ಇಲ್ರೀ. ಚೀಟ್ಯಾಗ ಜ್ವರದ ಮಾತ ಇಲ್ಲಲ್ರೀ."

ಅಕ್ಷರ ನನ್ನದೇ: 'ಮೂತ್ರ ಕದಡಿದರೆ ಐದು ದಿನ ಗುಳಿಗೆ.' ಹಿಂಬದಿಯಲ್ಲಿ ಸಲಕ್ಕೊಂದರಂತೆ ಅವಳು ಎಳೆದ ಹದಿನೇಳು ಪೆನ್ಸಿಲ್ ಗೀಟು. ಬರೆದ ನೆನಪೇ ನನಗಿರಲಿಲ್ಲ. ನಳಿಗೆ ಹಾಕಿದವರ ಮೂತ್ರದಲ್ಲಿ ರೋಗಾಣು ಇದ್ದೇ ಇರುತ್ತದೆ, ಆಗಾಗ ಕದಡುತ್ತದೆ. ಜ್ವರವಿಲ್ಲದೆ ಔಷಧ ಕೊಟ್ಟಷ್ಟೂ ಅದಕ್ಕೆ ಸಾಯದ ರೋಗಾಣುಗಳೇ ಉಳಿದು ಬೆಳೆಯುತ್ತವೆ.

ನಾಲ್ಕನೇ ದಿನ ಮಧ್ಯಾಹ್ನ ಔಷಧ ಬಂತು. ನಳಿಗೆ ಬದಲಿಸಿ ಇಂಜೆಕ್ಷನ್ ಶುರು ಮಾಡಿದೆ. ಆರನೇ ದಿನ ಜ್ವರ ಇಳಿದು ಶರಣಪ್ಪ ಚಹಾ ಕೇಳಿದ. ಆಮೇಲೆ ನನ್ನತ್ತ ತಿರುಗಿ, "ಡಾಕ್ಟ್ರ, ಈ ಸಲ ನೋಡಿ ಬರೀರಿ. ಇಕಿ ನನ್ನ ಮಾತ ಕೇಳಂಗಿಲ್ಲ, ನಿಮ್ಮ ಚೀಟಿ ದಾಟಂಗಿಲ್ಲ" ಎಂದ.

ಹೊಸ ಚೀಟಿಯಲ್ಲಿ ಬರೆದೆ: 'ಕದಡಿದರೆ ನೀರು ಹೆಚ್ಚು ಕುಡಿಸಿ. ಚಳಿಜ್ವರ ಬಂದರೆ ಕೂಡಲೇ ಕರೆತನ್ನಿ.' ಹಳೆಯದನ್ನು ಕೇಳಿ ಇಟ್ಟುಕೊಂಡೆ.

ಔಷಧ ನಾಟದ ರೋಗಿ ಬಂದರೆ ಮೊದಲು ನನ್ನದೇ ಹಳೆಯ ಚೀಟಿ ಕೇಳಬೇಕೆಂದು ಅಂದು ಕಲಿತೆ. ಆದರೂ ಕಿರಿಯ ವೈದ್ಯರಿಗೆ ಈ ಪ್ರಸಂಗ ಹೇಳುವಾಗ ಒಂದೆರಡು ಸಲ ಆ ದೇವದುರ್ಗದ ಕಾಂಪೌಂಡರ್ ನನ್ನ ಬಾಯಿಂದ ಬಂದುಬಿಟ್ಟಿದ್ದಾನೆ. ಅಂಥವನು ಇರಲೇ ಇಲ್ಲ. ಇದನ್ನು ಬರೆಯುವ ಮೊದಲೂ ಚೀಟಿ ತೆಗೆದು ಅಕ್ಷರ ನೋಡಿಕೊಂಡೆ.